ಹೋಗಿ ಬರ್ತೇನಿ ಎಂದವರ ಬಸ್ಸು

ಗದಗ-ಬೆಟಗೇರಿ ಜೋಡಿ ಊರಿನಲ್ಲಿ ಬಸ್ಸುಗಳ ನಂಬರು ಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ನಂಬರಿನ ಹಿಂದೆಯೇ ಬೋರ್ಡು ಹೋಯಿತು, ಬೋರ್ಡಿನ ಹಿಂದೆ ಟೈಮ್ ಟೇಬಲ್ಲೂ ಹೋಯಿತು. ಯಾವ ಬಸ್ಸು ಯಾವ ದಾರಿ ಹಿಡಿಯಬೇಕೆಂಬುದನ್ನು ದಿನಾ ನಸುಕಿನಲ್ಲಿ ನಕ್ಷೆಯೇ ಬರೆಯುತ್ತಿತ್ತು. ಮೊದಲು ದಾರಿ ಬರೆದು ಆಮೇಲೆ ಜನರನ್ನು ಅದರ ಮೇಲೆ ಓಡಾಡಿಸುವುದು ಹಳೆಯ ಪದ್ಧತಿ, ಜನ ಎಲ್ಲಿದ್ದಾರೆ, ಎಲ್ಲಿಗೆ ಹೋಗಬೇಕು ಎಂಬುದು ತಿಳಿದರೆ ದಾರಿ ತಾನೇ ಹುಟ್ಟುತ್ತದೆ ಎಂದು ಸಾರಿಗೆ ಮಂಡಳಿಯವರು ಉದ್ಘಾಟನೆಯ ದಿನ ಭಾಷಣ ಮಾಡಿದ್ದರು. ಅವತ್ತು ಮಂತ್ರಿಗಳು ಹತ್ತಬೇಕಿದ್ದ ಬಸ್ಸು ಮಂತ್ರಿಗಳನ್ನು ವೇದಿಕೆಯ ಮೇಲೆಯೇ ಬಿಟ್ಟು ಕಾಯಿಪಲ್ಲೆ ಮಾರುಕಟ್ಟೆಗೆ ಹೊರಟುಹೋಯಿತು, ಅಲ್ಲಿ ಕಾಯುವವರು ಹೆಚ್ಚಿದ್ದರು. ಊರಿನವರಿಗೆ ನಕ್ಷೆಯ ಮೇಲೆ ನಂಬಿಕೆ ಹುಟ್ಟಿದ್ದು ಅವತ್ತಿನಿಂದಲೇ.

ಎಲ್ಲಿಗೆ ಹೋಗಬೇಕೆಂಬುದನ್ನು ಮೊದಮೊದಲು ಫೋನಿನಲ್ಲಿ ಒತ್ತಿ ತಿಳಿಸಬೇಕಿತ್ತು. ಒತ್ತಿದವರು ಕಾಲೇಜಿನ ಹುಡುಗ ಹುಡುಗಿಯರು ಮಾತ್ರ. ಉಳಿದವರು ರಸ್ತೆಯ ಮೇಲೆ ನಿಂತು ಕೈ ಮಾಡುತ್ತಿದ್ದರು, ಬಸ್ಸು ಅವರನ್ನು ಗುರುತು ಹಿಡಿಯದವರಂತೆ ದಾಟಿ ಹೋಗುತ್ತಿತ್ತು. ಕಡೆಗೆ ನಿಲ್ದಾಣಕ್ಕೊಂದು ಕಂಬ ನೆಟ್ಟು ಅದಕ್ಕೆ ಕಿವಿ ಬಾಯಿ ಕೊಟ್ಟರು. ಪಾಸು ತಾಗಿಸಿದರೆ ಕಂಬ "ಎಲ್ಲಿಗೆ?" ಎಂದು ಕೇಳುತ್ತಿತ್ತು, ಹೇಳಿದರೆ ಮುಗಿಯಿತು. ಜನ ಅದಕ್ಕೆ ಮಾತುಗಂಬ ಎಂದು ಹೆಸರಿಟ್ಟರು. ಮಾತುಗಂಬ ಯಾರ ದನಿಯನ್ನೂ ಇಟ್ಟುಕೊಳ್ಳುತ್ತಿರಲಿಲ್ಲ, ಕಾನೂನು ಒಪ್ಪುವುದಿಲ್ಲ. ಮಾತಿನ ಅರ್ಥವನ್ನಷ್ಟೇ ಸೋಸಿ ನಕ್ಷೆಗೆ ಕಳಿಸಿ ದನಿಯನ್ನು ಅಲ್ಲೇ ಚೆಲ್ಲಿಬಿಡುತ್ತಿತ್ತು.

ಮಧುಮತಿ ಚಿಲ್ಲಾಳ ಈ ನಕ್ಷೆಯ ಕೋಣೆಯಲ್ಲಿ ಪದರುಗಳನ್ನು ನೋಡಿಕೊಳ್ಳುವ ಯೋಜಕಿ. ನಕ್ಷೆ ಎಂದರೆ ಒಂದೇ ಹಾಳೆಯಲ್ಲ. ತಳದಲ್ಲಿ ನೆಲ, ಅದರ ಮೇಲೆ ರಸ್ತೆ, ಅದರ ಮೇಲೆ ಮನೆ, ಎಲ್ಲಕ್ಕಿಂತ ಮೇಲೆ ಜನರ ಹೋಗುವಿಕೆ ಬರುವಿಕೆ. ಪದರು ಚಪಾತಿಯ ಹಾಗೆ ಒಂದನ್ನೊಂದು ಬಿಡಿಸಿ ನೋಡಬಹುದು, ಕೂಡಿಸಿಯೂ ನೋಡಬಹುದು. ಹೋದವರು ಇನ್ನೂ ಮರಳದಿದ್ದರೆ ಅವರು ಹೋದ ಜಾಗದಲ್ಲಿ ಒಂದು ಹಳದಿ ಚುಕ್ಕೆ ಕೂತಿರುತ್ತದೆ. ಹಳದಿ ಚುಕ್ಕೆಗಳು ಹೆಚ್ಚಾದ ಕಡೆಗೆ ನಕ್ಷೆ ಬಸ್ಸನ್ನು ಎಳೆಯುತ್ತದೆ. ಆ ಕೆಲಸವನ್ನು ಮಧುಮತಿ ಶ್ರದ್ಧೆಯಿಂದ ಮಾಡುತ್ತಿದ್ದಳು. ಆದರೆ ಸ್ವತಃ ಓಡಾಡುತ್ತಿದ್ದುದು ಸ್ಕೂಟರಿನ ಮೇಲೆ. ಅಡಿಗೆಯವನು ತಾನು ಮಾಡಿದ್ದನ್ನು ತಾನು ಉಣ್ಣುವುದಿಲ್ಲ ಎನ್ನುತ್ತಾರಲ್ಲ, ಹಾಗೆ. ಆ ಕಚೇರಿಯಲ್ಲಿ ಬಸ್ಸು ಹತ್ತುವವರು ಒಬ್ಬರೂ ಇರಲಿಲ್ಲ.

ಆ ವರ್ಷ ಮುದಿಯಾದ ಬಸ್ಸುಗಳನ್ನು ಮೂಲೆಗೆ ಹಾಕಬೇಕಾಗಿ ಬಂತು, ಹೊಸವು ಬರುವುದು ತಡವಿತ್ತು. ಸುಮ್ಮನೆ ಓಡುವ ಬಸ್ಸು ಯಾವುದೆಂದು ಹುಡುಕಿ ಎಂದು ಮುಖ್ಯ ಯೋಜಕರಾದ ಹೆರೂರ ಸಾಹೇಬರು ಹೇಳಿದರು. ಹುಡುಕಿದಾಗ ಮೊದಲು ಸಿಕ್ಕಿದ್ದು ಸಂಜೆ ದೊಡ್ಡ ದವಾಖಾನೆಯ ಗೇಟಿನಿಂದ ಬೈಪಾಸಿನ ಆಚೆಯ ನೇಕಾರರ ಕಾಲೋನಿಗೆ ಹೋಗುವ ಬಸ್ಸು. ಮಧುಮತಿಯ ಮನೆ ಇದ್ದದ್ದು ಅದೇ ಕಾಲೋನಿಯಲ್ಲಿ.

"ಮೇಡಂ, ಇಲ್ಲಿ ನೋಡ್ರಿ, ಇದು ದೆವ್ವದ ಬಸ್ಸು" ಎಂದ ಜೊತೆಯವನಾದ ವಿದ್ಯಾಧರ. "ಗೇಟಿನ್ಯಾಗ ಹಳದಿ ಚುಕ್ಕಿ ಗಚ್ಚಾಗಿ ಕೂತಾವ. ದಿನಾ ಬಸ್ ಹೋಗಿ ನಿಂದರತೈತಿ. ಹತ್ತಿದವರು ಮಾತ್ರ ಯಾರೂ ಇಲ್ಲ."

"ಚುಕ್ಕಿ ಎಷ್ಟ ಹಳೇವು?"

"ಇದರಾಗ ಒಂದೊಂದು ಮಾತುಗಂಬ ಹುಟ್ಟಿದಾಗಿನವು ಅದಾವ್ರಿ."

ಮಧುಮತಿ ಎಲ್ಲಕ್ಕಿಂತ ಹಳೆಯ ಚುಕ್ಕೆಯ ಮೇಲೆ ಬೆರಳಿಟ್ಟಳು. ಪಾಸಿನ ಹೆಸರು ತೆರೆದುಕೊಂಡಿತು: ಗುರುಸಿದ್ದಪ್ಪ ಚಿಲ್ಲಾಳ. ಅವಳ ಮಾವ.

ಮಾವ ತೀರಿಹೋಗಿ ಮೂರನೆಯ ಶ್ರಾವಣ ನಡೆದಿತ್ತು. ಅವತ್ತು ಬೆಳಿಗ್ಗೆ ಎದೆಯುರಿ ಎಂದು ಕೈಚೀಲ ಹಿಡಿದು, ಆಟೋ ಬೇಡವೆಂದು ಹಟ ಮಾಡಿ, ಕಂಬಕ್ಕೆ ಪಾಸು ತಾಗಿಸಿ ದವಾಖಾನೆ ಎಂದಿದ್ದರು. ಆಮೇಲೆ ಹಿಂದೆ ನಿಂತಿದ್ದ ಹೆಂಡತಿಯ ಕಡೆ ತಿರುಗಿ "ಹೋಗಿ ಬರ್ತೇನಿ" ಎಂದಿದ್ದರು. ಹೇಳಿದ್ದು ಹೆಂಡತಿಗೆ, ಕೇಳಿಸಿಕೊಂಡದ್ದು ಕಂಬ. ಬರುತ್ತೇನೆ ಎಂದಿದ್ದಾರೆ, ಆದ್ದರಿಂದ ಬರುತ್ತಾರೆ ಎಂದು ಅದು ಬರೆದುಕೊಂಡಿತು. ಅಂದಿನಿಂದ ದಿನಾ ಸಂಜೆ ನಕ್ಷೆ ಅವರಿಗಾಗಿ ಬಸ್ಸು ಕಳಿಸುತ್ತಿತ್ತು. ಮಧುಮತಿಗೆ ಅಳು ಬಂತು, ಎದುರಿಗೆ ವಿದ್ಯಾಧರ ಇದ್ದಾನೆಂದು ನುಂಗಿಕೊಂಡಳು.

ವಿಷಯ ಇಷ್ಟೇ. ಮಾತಿಗೆ ಅರ್ಥ ಹಚ್ಚುವ ಪದರನ್ನು ಬರೆದವರು 'ಬರ್ತೇನಿ' ಎಂಬುದಕ್ಕೆ ವಾಪಸು ಪ್ರಯಾಣ ಎಂದು ಬರೆದಿದ್ದರು. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಆದರೆ ಹೊರಟು ನಿಂತು 'ಹೋಗ್ತೇನಿ' ಎಂದು ಹೇಳುವವರು ಈ ಊರಿನಲ್ಲಿ ಯಾರಿದ್ದಾರೆ? ಸೊಲ್ಲಾಪುರಕ್ಕೆ ಮದುವೆಯಾಗಿ ಹೊರಟ ಹುಡುಗಿಯೂ ಬರ್ತೇನಿ ಎನ್ನುತ್ತಾಳೆ, ಬಾಡಿಗೆ ಮನೆ ಖಾಲಿ ಮಾಡಿ ಜಗಳಾಡಿ ಹೊರಟವನೂ ಬರ್ತೇನಿ ಎಂದೇ ಹೊರಡುತ್ತಾನೆ. ಕುಂಕುಮ ಮುಗಿದರೆ ಮುಗಿಯಿತೆನ್ನದೆ ಹೆಚ್ಚಾಗೇದ ಎನ್ನುವ ಜನ. ನೂರಕ್ಕೆ ತೊಂಬತ್ತು ಮಂದಿ ಸಂಜೆಗೆ ನಿಜವಾಗಿಯೇ ಮರಳುತ್ತಿದ್ದುದರಿಂದ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮರಳದವರ ಚುಕ್ಕೆಗಳು ಮಾತ್ರ ಬೂದಿಯೊಳಗಿನ ಕೆಂಡದ ಹಾಗೆ ಉಳಿದುಕೊಂಡು ಬಂದಿದ್ದವು.

ಹೆರೂರ ಸಾಹೇಬರು ಕೇಳಿ ನಕ್ಕರು, ಮಾವನ ಹೆಸರು ಕೇಳಿ ನಗು ನಿಲ್ಲಿಸಿದರು. ಮಂಡಳಿಯ ನಿಯಮದ ಪ್ರಕಾರ ವಾಪಸು ಬರಬೇಕಾದವರನ್ನು ಮನೆಯವರ ಮಾತಿಲ್ಲದೆ ನಕ್ಷೆಯಿಂದ ತೆಗೆಯುವ ಹಾಗಿರಲಿಲ್ಲ. ಯಾರನ್ನೂ ನಡುದಾರಿಯಲ್ಲಿ ಬಿಡಬಾರದೆಂದು ಮಾಡಿದ ನಿಯಮ. "ಎಲ್ಲಾ ಮನಿಗೂ ಕೇಳಿಬಿಡ್ರಿ. ಇಂಥವರು ವಾಪಸ್ ಬರ್ತಾರೋ ಇಲ್ಲೋ. ಇಲ್ಲ ಅಂದ್ರ ತಗದುಬಿಡೂದು" ಎಂದರು.

ಚುಕ್ಕೆಗಳನ್ನು ತೆಗೆದರೆ ಏನಾಗುತ್ತದೆಂದು ವಿದ್ಯಾಧರ ಒಂದು ಸಲ ನಡೆಸಿ ತೋರಿಸಿದ. ದವಾಖಾನೆಯ ಗೇಟಿನಿಂದ ಕಾಲೋನಿಯವರೆಗಿನ ಗೆರೆ ಬೂದು ಬಣ್ಣಕ್ಕೆ ತಿರುಗಿತು, ಅಂದರೆ ಆ ದಾರಿಯೇ ರದ್ದು. ಒಂದು ಬಸ್ಸು ಉಳಿಯಿತು ಎಂದು ಎಲ್ಲರಿಗೂ ಸಮಾಧಾನವಾಯಿತು. ಮಧುಮತಿಗೂ ಆಯಿತು.

ಆ ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ಈ ಸುದ್ದಿ ತೆಗೆದಳು. ಮಾವನ ಚುಕ್ಕೆಯ ಮಾತು ಎತ್ತಲಿಲ್ಲ, ಅತ್ತೆ ಶಂಕ್ರವ್ವ ಎದುರಿಗೇ ಕೂತು ರೊಟ್ಟಿ ಬಡಿಸುತ್ತಿದ್ದರು. ಗಂಡ ಮಗ್ಗದ ಸಾಮಾನು ತರಲು ಇಳಕಲ್ಲಿಗೆ ಹೋಗಿದ್ದ. ನಾದಿನಿ ಕಸ್ತೂರಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. ಅವಳು ಅದೇ ದವಾಖಾನೆಯ ವಾರ್ಡಿನಲ್ಲಿ ಆಯಾ.

"ಆ ಬಸ್ ತಗೀತೀರಿ? ಮತ್ತ ನಾ ಹೆಂಗ ಬರ್ಲಿ ವೈನಿ?"

"ನೀ ಆ ಬಸ್ಸಿಗೆ ಬರ್ತಿಯೇನು?"

"ಮತ್ಯಾವುದಕ್ಕ ಬರ್ಲಿ? ನಾನು, ನಮ್ಮ ವಾರ್ಡಿನ ಹೆಣ್ಮಕ್ಕಳು, ಪೇಶೆಂಟ್ ಕಡೆಯವರು, ಎಲ್ಲಾರೂ ಅದಕ್ಕ. ದಿನಾ ನಿಂತ ಬರ್ತೇನಿ, ಸೀಟ ಎಲ್ಲಿ ಸಿಗತೈತಿ."

"ನಕಾಶ್ಯಾಗ ಯಾರೂ ಹತ್ತೂದಿಲ್ಲ ಅಂತ ಐತಿ."

"ಹಂಗಾರ ನಕಾಶೆಗೆ ಕಣ್ಣಿಲ್ಲ" ಎಂದಳು ಕಸ್ತೂರಿ. "ಬಸ್ ಇಲ್ಲಾಂದ್ರ ಮುಳಗುಂದ ನಾಕಾಕ್ಕ ಹೋಗಿ, ಬೈಪಾಸ್ ಗುಂಟ ನಡದು ಬರಬೇಕು. ಹ್ವಾದ ವರ್ಷ ಬಸ್ ತಪ್ಪಿ ನಡದು ಬರೂ ಮುಂದ ಗಿರಿಜಾಗ ಲಾರಿ ಹಾಯ್ದದ್ದು ಅಲ್ಲೇ. ನಾ ಅಂತೂ ಕೆಲಸಾ ಬಿಡ್ತೇನಿ."

ಗಿರಿಜಾ ಎದುರು ಮನೆಯವಳು. ಅವಳ ಮಗುವಿಗೆ ಈಗ ಹಾಲು ಕಾಸಿ ಕೊಡುವುದು ಶಂಕ್ರವ್ವ. ತಾನು ಸ್ಕೂಟರಿನಲ್ಲಿ ಬಂದು ಹೋಗುವ ಅದೇ ಬೈಪಾಸಿನ ಮೇಲೆ ನಾದಿನಿ ಕತ್ತಲಲ್ಲಿ ನಡೆದು ಬರುವುದನ್ನು ನೆನೆದು ಮಧುಮತಿಗೆ ಹೆದರಿಕೆಯಾಯಿತು. ತಟ್ಟೆಯಲ್ಲಿದ್ದ ಪಲ್ಯ ಹಾಗೇ ಉಳಿಯಿತು.

ಮರುದಿನ ಅವಳು ಸ್ಕೂಟರನ್ನು ಕಚೇರಿಯಲ್ಲೇ ಬಿಟ್ಟು ಸಂಜೆ ದವಾಖಾನೆಯ ಗೇಟಿಗೆ ಹೋಗಿ ನಿಂತಳು. ಅಲ್ಲಿ ಮಾತುಗಂಬದ ಸುತ್ತ ಜನ ಇದ್ದರು, ಅವಳು ನೆನೆಸಿದ್ದಕ್ಕಿಂತ ಹೆಚ್ಚು. ಸುತ್ತಿದ ಚಾಪೆ ಹಿಡಿದವರು, ಖಾಲಿ ಡಬ್ಬಿಯ ಚೀಲ ಹಿಡಿದವರು, ಡ್ಯೂಟಿ ಮುಗಿಸಿದ ಆಯಾಗಳು. ಹೊಸಬರೊಬ್ಬರು ಪಾಸು ತಾಗಿಸಿದಾಗ ಕಂಬ "ಎಲ್ಲಿಗೆ?" ಎಂದಿತು. ಅವರು ಕೇಳಿಸದವರಂತೆ ಮುಖ ತಿರುಗಿಸಿದರು. ಉಳಿದವರಂತೂ ಕಂಬದ ಹತ್ತಿರವೇ ಸುಳಿಯಲಿಲ್ಲ. ಬಸ್ಸು ಬಂತು, ಬಾಗಿಲು ತೆರೆಯಿತು, ಎಲ್ಲರೂ ಮಾತಿಲ್ಲದೆ ಹತ್ತಿದರು.

ಪಕ್ಕದ ಸೀಟಿನಲ್ಲಿ ಕೂತ ಮುದುಕಿಯನ್ನು ಮಧುಮತಿ ಕೇಳಿದಳು. "ಅಮ್ಮಾ, ಕಂಬ ಕೇಳಿದ್ರ ಯಾಕ ಯಾರೂ ಹೇಳಲಿಲ್ಲ?"

ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ದವಾಖಾನಿ ಬಾಗಲದಾಗ ನಿಂತು ಹೋಗಿ ಬರ್ತೇನಿ ಅಂತಾರೇನವಾ ಯಾರರ? ಅಲ್ಲಿ ತಿರಗಿ ಬರೂ ಮಾತು ಆಡಬಾರದು. ಸುಮ್ಮ ಎದ್ದು ಬರಬೇಕು."

"ಬರೇ ಊರ ಹೆಸರರ ಹೇಳಬಹುದಲ್ಲ."

"ಬಾಯಿ ತಗದ್ರ ರೂಢಿ ಮಾತು ಬಂದಬಿಡ್ತೈತಿ ತಂಗಿ. ಅದಕ್ಕ ಬಾಯಿನ ತಗಿಯೂದಿಲ್ಲ. ಬಸ್ ಹೆಂಗೂ ಬರ್ತೈತಲ್ಲ."

ಮಧುಮತಿಗೆ ಸತ್ತವರ ಮನೆ ನೆನಪಾಯಿತು. ಮಾತಾಡಿಸಲು ಹೋದವರು ಅಲ್ಲಿಂದ ಹೇಳದೆ ಎದ್ದು ಬರುತ್ತಾರೆ, ಅವಳೂ ಎಷ್ಟೋ ಸಲ ಹಾಗೆಯೇ ಎದ್ದು ಬಂದಿದ್ದಾಳೆ. ಇದು ಅವಳಿಗೆ ಗೊತ್ತಿಲ್ಲದ ಸಂಗತಿಯೇನೂ ಆಗಿರಲಿಲ್ಲ, ಕಚೇರಿಯ ಕುರ್ಚಿಯಲ್ಲಿ ಕೂತಾಗ ಮಾತ್ರ ನೆನಪಿಗೆ ಬರುತ್ತಿರಲಿಲ್ಲ.

ಬಾಯಿ ತೆಗೆಯದವರನ್ನು ನಕ್ಷೆ ಏಕೆ ಎಣಿಸಲಿಲ್ಲ ಎಂಬುದಕ್ಕೂ ಊರಿನ ರೂಢಿಯೇ ಕಾರಣ. ಇಲ್ಲಿ ಒಬ್ಬರು ಊರಿಗೆ ಹೊರಟರೆ ಮೂವರು ಬಸ್ಸು ಹತ್ತಿಸಲು ಬರುತ್ತಾರೆ. ಅವರೂ ಒಳಗೆ ಹತ್ತಿ, ಚೀಲ ಇಟ್ಟು, ಸೀಟಿನಲ್ಲಿ ಕೂತು, ಮನೆಯಲ್ಲಿ ಆಡಿ ಮುಗಿಸಿದ ಮಾತನ್ನೇ ಇನ್ನೊಮ್ಮೆ ಆಡಿ, ಬಸ್ಸು ಅಲುಗಿದ ಮೇಲೆ ಇಳಿಯುತ್ತಾರೆ. ಮುಂದಿನ ಬಾಗಿಲಲ್ಲಿ ತಲೆ ಎಣಿಸುವ ಕಣ್ಣಿತ್ತು. ಕಂಬಕ್ಕೆ ಹೇಳದೆ ಹತ್ತಿದ ತಲೆ ಎಂದರೆ ಹತ್ತಿಸಲು ಬಂದವರದು, ಲೆಕ್ಕಕ್ಕೆ ಬೇಡ ಎಂದು ಮೊದಲೇ ಹೇಳಿಕೊಟ್ಟಿದ್ದರು. ಇಳಿಯುವ ಹಿಂದಿನ ಬಾಗಿಲಿಗೆ ಖರ್ಚು ಉಳಿಸಲೆಂದು ಕಣ್ಣೇ ಇಟ್ಟಿರಲಿಲ್ಲ. ಹೀಗಾಗಿ ದವಾಖಾನೆಯಿಂದ ಕಾಲೋನಿಯವರೆಗೆ ನಿಂತು ಬರುವ ಕಸ್ತೂರಿ ನಕ್ಷೆಯ ಪಾಲಿಗೆ ಯಾರನ್ನೋ ಹತ್ತಿಸಲು ಬಂದವಳು.

ಮಾವ ಬರ್ತೇನಿ ಎಂದಿದ್ದಕ್ಕೆ ಬಸ್ಸು ಬರುತ್ತಿತ್ತು, ಬಸ್ಸು ಬರುತ್ತದೆಂದು ಜನ ಮಾತಿಲ್ಲದೆ ಹತ್ತುತ್ತಿದ್ದರು. ಒಂದು ತಪ್ಪು ಇನ್ನೊಂದು ತಪ್ಪಿಗೆ ಹೆಗಲು ಕೊಟ್ಟು ನಿಂತಿತ್ತು. ಒಂದನ್ನಷ್ಟೇ ಸರಿಪಡಿಸಿದರೆ ನೆಲಕ್ಕೆ ಬೀಳುವವರು ಬದುಕಿದ್ದವರು.

ಕಚೇರಿಯಲ್ಲಿ ಅಷ್ಟರೊಳಗೆ ಬೇರೆ ಫಜೀತಿ ಶುರುವಾಗಿತ್ತು. ಮನೆಯವರು ಪಾಸು ತಾಗಿಸಿದಾಗ ಕಂಬಗಳು ಕೇಳುತ್ತಿದ್ದ ಪ್ರಶ್ನೆಗೆ ಉತ್ತರಗಳು ಬರತೊಡಗಿದ್ದವು. ಎಲ್ಲವೂ ಒಂದೇ ಉತ್ತರ: ಹೌದು, ಬರುತ್ತಾರೆ. ಸೊಲ್ಲಾಪುರದವಳು ಪಂಚಮಿಗೆ ಬರ್ತಾಳೆ. ದುಬೈಗೆ ಹೋದವನು ಇವತ್ತಲ್ಲ ನಾಳೆ ಬರ್ತಾನೆ. ತೀರಿಹೋದವರ ಮನೆಗಳಿಂದ ಉತ್ತರವೇ ಇರಲಿಲ್ಲ, ಕೆಲವರಂತೂ ಪ್ರಶ್ನೆ ಕೇಳಿದ ಕಂಬಕ್ಕೆ ಬೈದಿದ್ದರು. ಇಲ್ಲ, ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ ಮನೆ ಇಡೀ ಊರಿನಲ್ಲಿ ಒಂದೂ ಇರಲಿಲ್ಲ.

"ನಮ್ಮ ಮನ್ಯಾಕಿಗೂ ಕಂಬ ಕೇಳಿತ್ತು" ಎಂದರು ಹೆರೂರ ಸಾಹೇಬರು. "ನಮ್ಮ ಅಳಿಯಾ ಜಗಳಾಡಿ ಹ್ವಾದಾವ, ಬರಂಗಿಲ್ಲ ಅಂತ ಇಬ್ಬರಿಗೂ ಗೊತ್ತೈತಿ. ಬರ್ತಾನ ಅಂತ ಹೇಳಿ ಬಂದಾಳ."

ಮಧುಮತಿ ಗೇಟಿನಲ್ಲಿ ಕಂಡದ್ದನ್ನು ಹೇಳಿದಳು. ಅವರು ಕನ್ನಡಕ ತೆಗೆದು ಬಹಳ ಹೊತ್ತು ನಕ್ಷೆಯ ಬೂದು ಗೆರೆಯನ್ನು ನೋಡಿದರು. "ನೀವು ಹೇಳೂದು ಖರೆ. ಸುಮ್ಮ ಇದ್ದವರನ್ನ ನಾ ಎಣಸ್ತೇನಿ, ಹಿಂದಿನ ಬಾಗಲಕ್ಕ ಕಣ್ಣು ಹಾಕಸ್ತೇನಿ. ಆದ್ರ ಸತ್ತವರ ಹೆಸರಿನ ಮ್ಯಾಲ ಬಸ್ ಓಡಸಾಕ ಬರೂದಿಲ್ಲ ಮಧುಮತಿ. ಹಳದಿ ಚುಕ್ಕಿ ಗೇಟಿನ್ಯಾಗ ಹಂಗ ಉಳದ್ರ ಮಂಡಳಿಯವರು ಆ ದಾರಿನ ಸುಳ್ಳು, ಖೊಟ್ಟಿ ಅಂತಾರ, ಕಣ್ಣುಮುಚ್ಚಿ ರದ್ದು ಮಾಡ್ತಾರ. ವಾರದಾಗ ಸಭೆ ಐತಿ. ಮೊದಲ ನಿಮ್ಮ ಮನೀದರ ಒಂದು ಮಾತು ತರ್ರಿ, ಉಳದವರನ್ನ ಕೇಳಾಕ ನಮಗ ಬಾಯಿ ಬರ್ತೈತಿ."

ಅತ್ತೆಯ ಮುಂದೆ ಈ ಮಾತು ಎತ್ತುವುದಕ್ಕಿಂತ ಇನ್ನೊಂದು ಊರಿಗೆ ನಕ್ಷೆ ಬರೆದುಕೊಡುವುದು ಸುಲಭ ಎನ್ನಿಸಿತು ಮಧುಮತಿಗೆ. ಅತ್ತೆ ಜೋರಿನವರಲ್ಲ. ಜೋರಿನವರಾಗಿದ್ದರೆ ಬೈಸಿಕೊಂಡು ಕೆಲಸ ಮುಗಿಸಬಹುದಿತ್ತು. ಮಾವ ಹೋದ ಮೇಲೆ ಅವರು ಮಾವನ ಮಗ್ಗದ ಮೇಲೆ ತಾವೇ ಕೂತವರು, ಅರ್ಧಕ್ಕೆ ನಿಂತಿದ್ದ ಸೀರೆಯನ್ನು ನೇಯ್ದು ಮುಗಿಸಿ ಆಮೇಲೆ ಅತ್ತವರು.

ಸಂಜೆ ಅವಳು ಕಸ್ತೂರಿಯ ಜೊತೆಗೆ ಅದೇ ಬಸ್ಸಿನಲ್ಲಿ ಬಂದಿಳಿದಾಗ ಶಂಕ್ರವ್ವ ಎಂದಿನಂತೆ ಮಾತುಗಂಬದ ಕೆಳಗಿನ ಕಟ್ಟೆಯ ಮೇಲೆ ಮಗಳನ್ನು ಕಾಯುತ್ತ ಕೂತಿದ್ದರು. ತೊಡೆಯ ಮೇಲೆ ಗಿರಿಜಾಳ ಮಗು ಇತ್ತು. ಮಧುಮತಿ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು, ಮಾವನ ಚುಕ್ಕೆಯನ್ನೂ ಹೇಳಿದಳು. ಕಸ್ತೂರಿ ಸೆರಗು ಬಾಯಿಗೆ ಒತ್ತಿಕೊಂಡು ಆಚೆ ಮುಖ ಮಾಡಿದಳು.

"ಅಂದ್ರ ಇಷ್ಟ ದಿನಾ ಆ ಬಸ್ ಬಂದದ್ದು ಅವರ ಸಲುವಾಗಿ" ಎಂದರು ಶಂಕ್ರವ್ವ.

"ಹೌದ್ರಿ ಅತ್ತಿ. ಈಗ ಅವರು ಬರೂದಿಲ್ಲ ಅಂತ ನೀವು ಒಂದು ಮಾತು..."

"ಹಂಗ ನಾ ಹೆಂಗ ಹೇಳಲೆವಾ? ಅದು ಸುಳ್ಳ ಆಗ್ತೈತಲ್ಲ."

ಅತ್ತೆಯ ಬುದ್ಧಿ ಎಲ್ಲೋ ಜಾರಿತೇನೋ ಎಂದು ಮಧುಮತಿ ಅವರ ಮುಖ ನೋಡಿದಳು. ಶಂಕ್ರವ್ವ ಮಗುವನ್ನು ಕಸ್ತೂರಿಯ ಕೈಗೆ ಕೊಟ್ಟು ಸೀರೆ ಕೊಡವಿ ಎದ್ದರು.

"ಅವರು ಬಂದ್ರಲ್ಲ. ಬಸ್ಸಿನ್ಯಾಗ ಬರಲಿಲ್ಲ, ದವಾಖಾನಿ ಗಾಡ್ಯಾಗ ಬಂದ್ರು. ನಾನ ತಲಿ ತೊಡಿ ಮ್ಯಾಲ ಇಟಗೊಂಡು ಕರಕೊಂಡು ಬಂದೇನಿ. ನಮ್ಮ ಪಡಸಾಲ್ಯಾಗ ಮಗ್ಗದ ಮುಂದ ಮಲಗಸಿದ್ವಿ, ನೀನ ದೀಪಾ ಹಚ್ಚಿ ಇಟ್ಟಿ. ಹೋಗಿ ಬರ್ತೇನಿ ಅಂದಿದ್ರು, ಬಂದ್ರು. ಕೊಟ್ಟ ಮಾತು ತಪ್ಪೂ ಮನಿಶ್ಯಾ ಅಲ್ಲ ಅವರು. ನಿಮ್ಮ ನಕಾಶೆಗೆ ಯಾರೂ ತಿಳಸಿಲ್ಲ, ಅಷ್ಟ."

ಅವರು ಸೊಂಟದ ಚೀಲದಿಂದ ಪಾಸು ತೆಗೆದು ಕಂಬಕ್ಕೆ ತಾಗಿಸಿದರು. ಉತ್ತರ ಬಾಕಿಯಿದ್ದ ಮನೆಯ ಪಾಸಾದ್ದರಿಂದ ಕಂಬ ತನ್ನ ಪುಸ್ತಕದ ಕನ್ನಡದಲ್ಲಿ ಕೇಳಿತು. "ಗುರುಸಿದ್ದಪ್ಪ ಚಿಲ್ಲಾಳ ಅವರು ವಾಪಸು ಬರುವರೇ?"

"ಮನಿ ಮುಟ್ಯಾರ" ಎಂದರು ಶಂಕ್ರವ್ವ. "ಅವತ್ತ ಮುಟ್ಯಾರ."

ಕಂಬ "ಅವರ ಪ್ರಯಾಣ ಮುಗಿದಿದೆ" ಎಂದು ಹೇಳಿ ದೀಪ ಆರಿಸಿಕೊಂಡಿತು. ಶಂಕ್ರವ್ವ ಮಗುವನ್ನು ಎತ್ತಿಕೊಂಡು ಮನೆಯ ಕಡೆ ನಡೆದರು. ರೊಟ್ಟಿಗೆ ಹಿಟ್ಟು ನಾದುವುದಿತ್ತು.

ಮರುದಿನ ಬೆಳಿಗ್ಗೆ ಮಧುಮತಿ ನಿನ್ನೆಯ ಪದರನ್ನು ತೆರೆದಳು. ಮನೆಯವರು ಇಲ್ಲ ಎಂದಿದ್ದರೆ ಚುಕ್ಕೆ ಇದ್ದಲ್ಲೇ ಆರಿಹೋಗುತ್ತಿತ್ತು. ಮುಟ್ಟಿದರು ಎಂದು ಹೇಳಿದ್ದರಿಂದ ನಕ್ಷೆ ಅದನ್ನು ಮುಗಿದ ಪ್ರಯಾಣವೆಂದು ತಿಳಿದು ದಾರಿಯನ್ನು ತಾನೇ ತುಂಬಿತ್ತು. ಹಳದಿ ಚುಕ್ಕೆ ದವಾಖಾನೆಯ ಗೇಟಿನಿಂದ ಎದ್ದು, ನಾಕಾ ದಾಟಿ, ಬೈಪಾಸಿನ ಗುಂಟ ಬಸ್ಸಿನ ವೇಗದಲ್ಲೇ ಬಂದು, ಕಾಲೋನಿಯ ಕಂಬದಲ್ಲಿ ಇಳಿದು, ಅವರ ಮನೆಯ ಮೇಲೆ ಬಂದು ನಿಂತು ಕರಗಿತು. ಮಧುಮತಿ ಈ ಸಲ ವಿದ್ಯಾಧರ ಇದ್ದಾನೆಂದು ನೋಡಲಿಲ್ಲ, ಅತ್ತುಬಿಟ್ಟಳು. ಅವನು ಎದ್ದು ಹೋಗಿ ಚಹಾ ತಂದಿಟ್ಟ.

ಪ್ರಶ್ನೆಯನ್ನು ಅವತ್ತೇ ಬದಲಿಸಿದರು. ವಾಪಸು ಬರುವರೇ ಎಂದು ಕೇಳುವ ಬದಲು ಕಂಬಗಳು "ಮುಟ್ಯಾರೇನ್ರಿ?" ಎಂದು ಕೇಳತೊಡಗಿದವು, ಊರಿಗೆ ಹೋದವರ ಬಗ್ಗೆ ಮನೆಯವರು ಒಬ್ಬರಿಗೊಬ್ಬರು ಕೇಳಿಕೊಳ್ಳುವ ಹಾಗೆ. ಇದಕ್ಕೆ ಉತ್ತರ ಕೊಡಲು ಯಾರ ಬಾಯಿಯೂ ತಡವರಿಸಲಿಲ್ಲ. ಸೊಲ್ಲಾಪುರದವಳು ತನ್ನ ಮನೆ ಮುಟ್ಯಾಳ. ದುಬೈಯವನು ಮುಟ್ಯಾನ, ಫೋನೂ ಮಾಡ್ಯಾನ. ತೀರಿಹೋದವರ ಮನೆಯವರು ಸ್ವಲ್ಪ ತಡೆದು ಹೇಳಿದರು, ಆದರೆ ಹೇಳಿದರು. ಹೆರೂರ ಸಾಹೇಬರ ಮನೆಯಿಂದ ಮಾತ್ರ ಉತ್ತರ ಬರಲಿಲ್ಲ. ಅವರ ಅಳಿಯನ ಚುಕ್ಕೆ ಹುಬ್ಬಳ್ಳಿ ರಸ್ತೆಯ ಕೊನೆಯಲ್ಲಿ ಹಾಗೇ ಕೂತಿತ್ತು, ಅದಕ್ಕೆ ಯಾರೂ ಕೈ ಹಚ್ಚಲಿಲ್ಲ.

ಮಂಡಳಿಯ ಸಭೆಯ ಹೊತ್ತಿಗೆ ದವಾಖಾನೆಯ ಗೇಟಿನಲ್ಲಿ ಹಳೆಯ ಹಳದಿ ಚುಕ್ಕೆ ಒಂದೂ ಇರಲಿಲ್ಲ. ಹಿಂದಿನ ಬಾಗಿಲಿಗೆ ಕೂರಿಸಿದ ಕಣ್ಣು ಕಾಲೋನಿಯಲ್ಲಿ ಇಳಿದವರನ್ನು ಎಣಿಸಿತ್ತು, ಬೂದು ಗೆರೆ ಮತ್ತೆ ದಪ್ಪವಾಗಿ ಎದ್ದಿತ್ತು. ಸಭೆಯಲ್ಲಿ ಯಾರೂ ಅದರ ಬಗ್ಗೆ ಪ್ರಶ್ನೆ ಕೇಳಲಿಲ್ಲ. ಕಡಿಮೆ ಮಾಡಬೇಕಿದ್ದ ಒಂದು ಬಸ್ಸನ್ನು ಬೇರೆ ದಾರಿಯಿಂದ ತೆಗೆದರು.

ದವಾಖಾನೆಯ ಗೇಟಿನ ಕಂಬಕ್ಕೆ ಒಂದು ಬದಲಾವಣೆಯನ್ನು ಮಧುಮತಿ ತಾನೇ ಬರೆದಳು. ಅದನ್ನು ನೋಡಲೆಂದು ಆ ಸಂಜೆ ಗೇಟಿನಲ್ಲಿ ಕಸ್ತೂರಿಯ ಪಕ್ಕ ನಿಂತಳು. ಹೆಗಲ ಮೇಲೆ ಸುತ್ತಿದ ಚಾಪೆ ಹೊತ್ತ ಒಬ್ಬ ಗಂಡಸು, ಕಣ್ಣು ಕೆಂಪಗಿತ್ತು, ಬಂದು ಪಾಸು ತಾಗಿಸಿ ಕಂಬದ ಮುಂದೆ ತಲೆ ತಗ್ಗಿಸಿ ನಿಂತ. ಕಂಬ ಏನೂ ಕೇಳಲಿಲ್ಲ. ಬಸ್ಸು ಬಂತು, ಅವನು ಹತ್ತಿ ಕೂರುವವರೆಗೆ ಕಾಯಿತು, ಆಮೇಲೆ ಹೊರಟಿತು.